ಸೆಪ್ಟೆಂಬರ್ 28ರ ಆ ಹದಿನಾಲ್ಕು ಬಾತುಗಳನ್ನು ಪಟ್ಟಿಯಲ್ಲಿ ಇಡಬೇಕೇ, ತೆಗೆಯಬೇಕೇ?

ಕೋಡಿಕಲ್ಲು

ಹೆಬ್ಬಾಳ ಕಣಿವೆಯಲ್ಲಿ ಒಂದರ ಕೆಳಗೊಂದು ಇರುವ ನಾಲ್ಕು ಕೆರೆಗಳು, ಅವನ್ನು ಜೋಡಿಸುವ ರಾಜಕಾಲುವೆ. ಇಷ್ಟನ್ನು ನಾವು ಆರು ಜನ ಪ್ರತಿ ಭಾನುವಾರ ಬೆಳಿಗ್ಗೆ ಸುತ್ತಿ, ಕಂಡ ಹಕ್ಕಿಗಳನ್ನು ಒಂದೇ ದಫ್ತರದಲ್ಲಿ ಬರೆದಿಡುತ್ತಿದ್ದೇವೆ. ಉತ್ತರೆ ಮಳೆಯಿಂದ ಸ್ವಾತಿ ಮಳೆಯವರೆಗೆ, ಅಂದರೆ ಸೆಪ್ಟೆಂಬರ್ ನಡುವಿನಿಂದ ನವೆಂಬರ್ ಮೊದಲ ವಾರದವರೆಗೆ, ಒಂದು ವಾರವನ್ನೂ ತಪ್ಪಿಸಬಾರದು ಎಂಬುದು ಒಪ್ಪಂದ. ಇದು ಮೂರನೆಯ ವರ್ಷ.

ಈಗ ಎರಡು ವಿಷಯದಲ್ಲಿ ತಕರಾರು ಎದ್ದಿದೆ. ಮೊದಲನೆಯದು, ಸೆಪ್ಟೆಂಬರ್ 28ರಂದು ಮೂರನೆಯ ಕೆರೆಯಲ್ಲಿ ‘ಬಿಳಿಹುಬ್ಬಿನ ಬಾತು, 14’ (ಇಂಗ್ಲಿಷಿನಲ್ಲಿ ಗಾರ್ಗನಿ) ಎಂದು ಬರೆಯಲಾಗಿದೆ. ಆ ದಿನ ಮಂಜು ಕವಿದಿತ್ತು, ಫೋಟೊ ಇಲ್ಲ, ನೋಡಿದವರು ಒಬ್ಬರೇ. ಎರಡನೆಯದು, ನಮ್ಮಲ್ಲೇ ಒಬ್ಬರು ‘ವಲಸೆ ಹಕ್ಕಿಗಳು ಮೊದಲು ಕಂಡ ದಿನಾಂಕ ಬರೆದರೆ ಸಾಕು, ವಾರವಾರವೂ ಕಾಗೆ ಗೊರವಂಕ ಎಣಿಸುತ್ತ ಕೂರುವುದು ಸಮಯ ಹಾಳು’ ಎನ್ನುತ್ತಿದ್ದಾರೆ. ಅನುಭವಿಗಳು ಏನನ್ನುತ್ತೀರಿ?

ತೂಬು

ತೆಗೆಯಬೇಡಿ, ಆದರೆ ಹಾಗೆಯೇ ಬಿಡಲೂ ಬೇಡಿ. ‘ಬಾತು, ಜಾತಿ ಖಚಿತವಿಲ್ಲ, 14’ ಎಂದು ತಿದ್ದಿ. ಹಕ್ಕಿಪಟ್ಟಿ ಸಲ್ಲಿಸುವ ಜಾಲತಾಣವಾದ ಇ-ಬರ್ಡ್‌ನಲ್ಲಿಯೂ ಹಾಗೆ ನಮೂದಿಸುವ ಅವಕಾಶ ಇದೆಯಲ್ಲ.

ಸೆಪ್ಟೆಂಬರಿನಲ್ಲಿ ಬಾತುಗಳನ್ನು ಗುರುತಿಸುವುದು ಜನವರಿಯಲ್ಲಿ ಗುರುತಿಸಿದಷ್ಟು ಸುಲಭವಲ್ಲ. ಮರಿ ಮಾಡುವ ಕಾಲ ಮುಗಿದ ಮೇಲೆ ಗಂಡುಗಳು ಬಣ್ಣದ ಪುಕ್ಕ ಉದುರಿಸಿ ಹೆಣ್ಣಿನಂತೆಯೇ ಮಂಕು ಕಂದು ಬಣ್ಣಕ್ಕೆ ತಿರುಗಿರುತ್ತವೆ. ಗಂಡು ಗಾರ್ಗನಿಯ ಆ ಅಗಲವಾದ ಬಿಳಿ ಹುಬ್ಬು ಈ ಹೊತ್ತಿನಲ್ಲಿ ಇರುವುದೇ ಇಲ್ಲ. ಹೆಸರಿನಲ್ಲಿ ಹುಬ್ಬಿದೆ ಎಂದು ಹುಬ್ಬು ಹುಡುಕಿದರೆ ಸಿಗುವುದಿಲ್ಲ, ಸಿಕ್ಕಿತು ಎನ್ನುವವರ ಮೇಲೆ ನನಗೆ ಅನುಮಾನ.

ಮುಂಜಾವು

ಅದನ್ನು ಬರೆದವನು ನಾನೇ. ಹುಬ್ಬು ಕಂಡಿತು ಎಂದು ನಾನು ಎಲ್ಲಿಯೂ ಹೇಳಿಲ್ಲ, ತೂಬು ಅವರೇ. ಬೆಳಿಗ್ಗೆ 6.35ಕ್ಕೆ ಏರಿಯ ಮೇಲೆ ನಿಂತಿದ್ದೆ. ಯಾರದೋ ನಾಯಿ ನೀರಿಗೆ ಇಳಿಯಿತು, ಹದಿನಾಲ್ಕೂ ಒಟ್ಟಿಗೆ ಎದ್ದವು. ನನ್ನ ಎಡಕ್ಕೆ ತಿರುಗಿದಾಗ ರೆಕ್ಕೆಯ ಮುಂಭಾಗ ತಿಳಿ ನೀಲಿ ಮಿಶ್ರಿತ ಬೂದು ಬಣ್ಣ ಇದ್ದುದು ಎರಡು ಮೂರು ಹಕ್ಕಿಗಳಲ್ಲಿ ಸ್ಪಷ್ಟವಾಗಿ ಕಂಡಿತು. ಪುಕ್ಕ ಉದುರಿಸಿದ ಗಂಡುಗಳಲ್ಲಿಯೂ ರೆಕ್ಕೆಯ ಆ ಬಣ್ಣ ಉಳಿದಿರುತ್ತದೆ. ಅದನ್ನು ನೋಡಿಯೇ ಬರೆದೆ. ಇಪ್ಪತ್ತೆರಡು ವರ್ಷದಿಂದ ಹಕ್ಕಿ ನೋಡುತ್ತಿದ್ದೇನೆ.

ತೂಬು

ರೆಕ್ಕೆಯ ಮಾತು ಸರಿ. ಆದರೆ ಸಲಿಕೆ ಕೊಕ್ಕಿನ ಬಾತಿಗೂ ಅದೇ ಜಾಗದಲ್ಲಿ ನೀಲಿ ಇದೆ. ಕೊಕ್ಕು ನೋಡಿದಿರಾ?

ಮುಂಜಾವು

ಮಂಜಿನಲ್ಲಿ ಕೊಕ್ಕು ಕಾಣಲಿಲ್ಲ. ಆದರೆ ಸಲಿಕೆ ಕೊಕ್ಕಿನವು ನಮ್ಮಲ್ಲಿಗೆ ದೀಪಾವಳಿ ಕಳೆದ ಮೇಲೆ ತಾನೇ ಬರುವುದು? ಎಲ್ಲರಿಗಿಂತ ಮೊದಲು ಬರುವುದು ಗಾರ್ಗನಿ.

ಜೊಂಡಿನಮನೆ

ಇಲ್ಲಿಯೇ ನನ್ನ ಆಕ್ಷೇಪ. ‘ಈ ತಿಂಗಳಿನಲ್ಲಿ ಅದೇ ಬರುವುದು, ಆದ್ದರಿಂದ ಇದು ಅದೇ’ ಎಂದು ಬರೆದರೆ ಮುಂದಿನ ವರ್ಷ ಯಾರೋ ನಿಮ್ಮ ದಫ್ತರ ನೋಡಿ ‘ಸೆಪ್ಟೆಂಬರಿನಲ್ಲಿ ಗಾರ್ಗನಿ ಬರುತ್ತದೆ’ ಎಂದು ತೀರ್ಮಾನಿಸಿ ತಾವೂ ಹಾಗೆಯೇ ಬರೆಯುತ್ತಾರೆ. ಅವರದನ್ನು ನೋಡಿ ಇನ್ನೊಬ್ಬರು. ಸಲಿಕೆ ಕೊಕ್ಕಿನವು ಒಂದು ವರ್ಷ ನಿಜವಾಗಿಯೂ ಒಂದು ತಿಂಗಳು ಮುಂಚೆ ಬಂದಿದ್ದರೆ ಆ ಸುದ್ದಿ ಯಾರಿಗೂ ಗೊತ್ತಾಗುವುದಿಲ್ಲ. ಯಾವಾಗ ಏನು ಬರುತ್ತದೆ ಎಂದು ತಿಳಿಯಲಿಕ್ಕೇ ಅಲ್ಲವೇ ನಾವು ಬೆಳಿಗ್ಗೆ ಐದಕ್ಕೆ ಏಳುವುದು?

ಮುಂಜಾವು ಅವರ ಕಣ್ಣಿನ ಮೇಲೆ ನನಗೆ ಅನುಮಾನವಿಲ್ಲ. ಅವರು ನೋಡಿದ್ದನ್ನು ನೋಡಿದಂತೆಯೇ ಬರೆಯಲಿ. ‘ರೆಕ್ಕೆಯ ಮುಂಭಾಗ ತಿಳಿ ನೀಲಿ, ಕೊಕ್ಕು ಕಾಣಲಿಲ್ಲ, ಮಂಜು’ ಎಂಬ ಮೂರು ಮಾತು ಸಾಕು.

ಹೊಸಕಣ್ಣು

ನಾನು ಈ ವರ್ಷವಷ್ಟೇ ಶುರು ಮಾಡಿದವಳು. ಒಟ್ಟಿಗೆ ಎದ್ದು ಹಾರುವ ಗುಂಪನ್ನು ಎಣಿಸುವುದು ಹೇಗೆ? ನಾನು ಎಂಟಕ್ಕೆ ಬರುವಷ್ಟರಲ್ಲಿ ಅವು ಮರದ ಹಿಂದೆ ಹೋಗಿರುತ್ತವೆ.

ಸಂಜೆಬೆಳ್ಳಕ್ಕಿ

ಹೊಸಕಣ್ಣು ಅವರೇ, ಮೊದಲು ಹತ್ತನ್ನು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯಿತು ಎಂದು ಕಣ್ಣಳತೆ ಮಾಡಿಕೊಳ್ಳಿ. ಗುಂಪಿನಲ್ಲಿ ಅಂಥ ಎಷ್ಟು ತುಂಡುಗಳಿವೆ ಎಂದು ನೋಡಿ. ನೂರಕ್ಕೆ ಹತ್ತು ಹೆಚ್ಚುಕಡಿಮೆಯಾದರೂ ‘ತುಂಬಾ ಇದ್ದವು’ ಎನ್ನುವುದಕ್ಕಿಂತ ಎಷ್ಟೋ ವಾಸಿ. ಅಭ್ಯಾಸಕ್ಕೆ ಬೆಳ್ಳಕ್ಕಿಯಷ್ಟು ಒಳ್ಳೆಯ ಹಕ್ಕಿ ಬೇರೆ ಇಲ್ಲ. ಸಂಜೆ 5.45ರ ಹೊತ್ತಿಗೆ ಯಾವುದಾದರೂ ಕೆರೆಯ ಏರಿಯ ಮೇಲೆ ನಿಂತುಕೊಳ್ಳಿ. ಕಣಿವೆಯ ಜಾಡು ಹಿಡಿದು ಸಾಲು ಸಾಲಾಗಿ ರಾತ್ರಿ ತಂಗುವ ಮರಗಳತ್ತ ಹೋಗುತ್ತವೆ. ನಿಧಾನವಾದ ರೆಕ್ಕೆ ಬಡಿತ, ನೇರವಾದ ದಾರಿ. ನಾನು ಎಣಿಸಲು ಕಲಿತದ್ದು ಹಾಗೆಯೇ.

ಹಳೇ ದುರ್ಬೀನು

ಎರಡನೆಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ನಾನು ಹೇಳುತ್ತೇನೆ, ಸ್ವಲ್ಪ ಉದ್ದವಾದರೆ ಕ್ಷಮಿಸಿ.

ನಮ್ಮ ತಂದೆಗೆ ಹಕ್ಕಿಗಳ ಹುಚ್ಚು. ಅವರ ದಿನಚರಿಯ ಪುಸ್ತಕಗಳು ನನ್ನ ಹತ್ತಿರ ಇವೆ, ನೀಲಿ ರಟ್ಟಿನವು, ಒಂದೊಂದು ವರ್ಷಕ್ಕೆ ಒಂದೊಂದು. ಮೊದಲ ಬೂದು ಕುಂಡೆಕುಸ್ಕ ಕಂಡ ದಿನ, ಮೊದಲ ಕಂದು ಕಳಿಂಗ, ನವರಂಗ ಹಿತ್ತಲಿಗೆ ಬಂದ ಬೆಳಗು, ಎಲ್ಲ ಇದೆ. ಮಸಿ ಪೆನ್ನಿನಲ್ಲಿ ಮುತ್ತು ಪೋಣಿಸಿದ ಹಾಗೆ ಬರೆದಿದ್ದಾರೆ. ಹೋದ ವರ್ಷ ನನ್ನ ಮೊಮ್ಮಗಳು ‘ತಾತಾ, ನಮ್ಮ ಬೀದಿಯಲ್ಲಿ ಗುಬ್ಬಚ್ಚಿ ಯಾವಾಗ ಇಲ್ಲವಾಯಿತು?’ ಎಂದು ಕೇಳಿದಳು. ಶಾಲೆಯ ಪ್ರಬಂಧಕ್ಕೆ ಬೇಕಿತ್ತು. ನಾನು ಅಷ್ಟೂ ಪುಸ್ತಕಗಳನ್ನು ತೆರೆದು ಎರಡು ದಿನ ಹುಡುಕಿದೆ. ಗುಬ್ಬಚ್ಚಿ ಎಂಬ ಪದವೇ ಇಲ್ಲ. ಒಮ್ಮೆಯೂ ಇಲ್ಲ. ನಮ್ಮ ಮನೆಯ ವಿದ್ಯುತ್ ಮೀಟರಿನ ಪೆಟ್ಟಿಗೆಯಲ್ಲೇ ಅವು ಗೂಡು ಕಟ್ಟುತ್ತಿದ್ದವು, ಅಮ್ಮ ಅಕ್ಕಿ ಆರಿಸುವಾಗ ಮೊರದ ಅಂಚಿಗೇ ಬಂದು ಕೂರುತ್ತಿದ್ದವು. ದಿನವೂ ಕಾಣುವುದನ್ನು ಬರೆಯಬೇಕೆಂದು ಅಪ್ಪನಿಗೆ ಅನ್ನಿಸಿರಲಿಲ್ಲ. ಈಗ ಅವು ಹೋದ ವರ್ಷ ಯಾವುದೆಂದು ನಮ್ಮ ಮನೆಯಲ್ಲಿ ಹೇಳುವವರು ಯಾರೂ ಇಲ್ಲ.

ಕಾಗೆ ಎಣಿಸಿ. ಗೊರವಂಕ ಎಣಿಸಿ. ಹದ್ದು ಎಣಿಸಿ. ಬೇಸರ ಬಂದರೂ ಎಣಿಸಿ.

ಕೋಡಿಕಲ್ಲು

ಹಳೇ ದುರ್ಬೀನು ಸರ್, ಇದನ್ನು ನಮ್ಮ ಗುಂಪಿನ ಎಲ್ಲರಿಗೂ ಓದಿ ಹೇಳುತ್ತೇನೆ.

ತೂಬು

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. 2020ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯಲ್ಲಿ ದೇಶದ ಒಟ್ಟು ಲೆಕ್ಕದಲ್ಲಿ ಗುಬ್ಬಚ್ಚಿಯ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ, ದೊಡ್ಡ ನಗರಗಳಲ್ಲಿ ಮಾತ್ರ ಇಳಿದಿದೆ ಎಂದಿತ್ತು. 2023ರ ವರದಿ 942 ಜಾತಿಗಳನ್ನು ಪರಿಶೀಲಿಸಿತು. ಅದಕ್ಕೆ ಆಧಾರ 30 ಸಾವಿರಕ್ಕೂ ಹೆಚ್ಚು ಹಕ್ಕಿವೀಕ್ಷಕರು ದಾಖಲಿಸಿದ ಸುಮಾರು 3 ಕೋಟಿ ವೀಕ್ಷಣೆಗಳು. ಅಪರೂಪದ ಹಕ್ಕಿಗಳಿಂದ ಮೂರು ಕೋಟಿ ಆಗುವುದಿಲ್ಲ, ಕಾಗೆ ಗೊರವಂಕಗಳನ್ನು ತಪ್ಪದೆ ಬರೆದವರಿಂದ ಆಗುತ್ತದೆ.

ಇ-ಬರ್ಡ್ ಪಟ್ಟಿ ಸಲ್ಲಿಸುವಾಗ ‘ಗುರುತಿಸಿದ ಎಲ್ಲ ಹಕ್ಕಿಗಳನ್ನೂ ನಮೂದಿಸಿದ್ದೀರಾ’ ಎಂದು ಕೇಳುವುದು ಇದಕ್ಕಾಗಿಯೇ. ಹೌದು ಎಂದಾಗ ಮಾತ್ರ ಪಟ್ಟಿಯಲ್ಲಿ ಇಲ್ಲದ ಹಕ್ಕಿಗೆ ಅರ್ಥ ಬರುತ್ತದೆ. ಎಷ್ಟು ಹೊತ್ತು ನಡೆದಿರಿ, ಎಷ್ಟು ದೂರ ನಡೆದಿರಿ ಎಂಬುದನ್ನೂ ಬರೆಯಿರಿ. ಒಂದು ಗಂಟೆಯ ಆರು ಮಿಂಚುಳ್ಳಿ ಬೇರೆ, ನಾಲ್ಕು ಗಂಟೆಯ ಆರು ಬೇರೆ.

ರಾಟವಾಳ

ಹಳೇ ದುರ್ಬೀನು ಅವರೇ, ಕುಂಡೆಕುಸ್ಕ ಎನ್ನುತ್ತಿದ್ದೀರಿ. ಪುಸ್ತಕಗಳಲ್ಲಿ ಸಿಪಿಲೆ ಎಂಬ ಚೆಂದದ ಹೆಸರಿದೆಯಲ್ಲ, ಅದನ್ನು ಬಳಸಬಾರದೇ?

ಹಳೇ ದುರ್ಬೀನು

ಕುಂಡೆ ಕುಣಿಸುತ್ತ ನಡೆಯುವ ಹಕ್ಕಿಗೆ ಕುಂಡೆಕುಸ್ಕ ಎಂದು ಹೆಸರಿಟ್ಟ ರೈತನ ಕಣ್ಣು ದೊಡ್ಡದು. ಆ ಹೆಸರು ಕೇಳಿದ ಮಗು ಹಕ್ಕಿಯನ್ನು ತಾನೇ ಗುರುತಿಸುತ್ತದೆ. ಎರಡೂ ಇರಲಿ.

ರಾಟವಾಳ

ಎರಡೂ ಇದ್ದರೆ ದಫ್ತರದಲ್ಲಿ ಒಂದೇ ಹಕ್ಕಿ ಎರಡು ಸಾಲಿನಲ್ಲಿ ಬರುತ್ತದೆ. ನಮ್ಮ ತಂಡದಲ್ಲಿ ಹಾಗೆಯೇ ಆಗಿ ವರ್ಷದ ಕೊನೆಯಲ್ಲಿ ಮೊತ್ತ ಕೂಡಿಸಲು ಹೋಗಿ ಸುಸ್ತಾಗಿದ್ದೇವೆ. ಇನ್ನೊಂದು ಗೊಂದಲವಿದೆ. ‘ಬಿಳಿ ಸಿಪಿಲೆ ಬಂತು’ ಎಂದು ಸೆಪ್ಟೆಂಬರಿನಲ್ಲೇ ಬರೆಯುವವರಲ್ಲಿ ಬಹಳ ಜನ ನೋಡಿರುವುದು ಬಿಳಿಹುಬ್ಬಿನ ಸಿಪಿಲೆಯನ್ನು. ಅದು ವಲಸೆ ಬರುವುದೇ ಇಲ್ಲ, ವರ್ಷವಿಡೀ ಇಲ್ಲಿಯೇ ಇರುತ್ತದೆ. ತಲೆ ಕತ್ತು ಎಲ್ಲ ಕಪ್ಪು, ಕಣ್ಣಿನ ಮೇಲೆ ಮಾತ್ರ ಬಿಳಿ ಗೆರೆ. ವಲಸೆ ಬರುವ ಬಿಳಿ ಸಿಪಿಲೆಯದು ಮುಖವೇ ಬಿಳಿ.

ಹೊಸಕಣ್ಣು

ಅಯ್ಯೋ, ನಾನು ಹಾಗೆಯೇ ಬರೆದಿದ್ದೇನೆ! ಎರಡು ವಾರದ ಪಟ್ಟಿ ತಿದ್ದಬೇಕು. ಬೂದು ಸಿಪಿಲೆ ಮತ್ತು ಹಳದಿ ಸಿಪಿಲೆ? ಎರಡಕ್ಕೂ ಹೊಟ್ಟೆ ಹಳದಿ ಇದೆಯಲ್ಲ?

ಮುಂಜಾವು

ಬೆನ್ನು ನೋಡಿ. ಬೂದು ಸಿಪಿಲೆಗೆ ಬೂದು ಬೆನ್ನು, ಬಾಲದ ಬುಡದಲ್ಲಿ ಹಳದಿ, ಬಾಲ ದೇಹಕ್ಕಿಂತ ಉದ್ದವೇನೋ ಅನ್ನಿಸುವಷ್ಟು ಉದ್ದ. ಹಳದಿ ಸಿಪಿಲೆಗೆ ಹಸಿರು ಬೆರೆತ ಕಂದು ಬೆನ್ನು, ಬಾಲ ಗಿಡ್ಡ. ಜಾಗವೂ ಸುಳಿವು ಕೊಡುತ್ತದೆ. ಬೂದು ಸಿಪಿಲೆಗೆ ಹರಿಯುವ ನೀರು, ಕಲ್ಲು ಬೇಕು. ಹಳದಿಗೆ ಕೆರೆಯ ಅಂಗಳದ ಹುಲ್ಲು ಬೇಕು.

ಈ ವರ್ಷದ ಮೊದಲ ಬೂದು ಸಿಪಿಲೆ ನನಗೆ ಕಂಡದ್ದು ಎರಡನೆಯ ಕೆರೆಯ ಕೋಡಿಯ ಕೆಳಗೆ, ಸೆಪ್ಟೆಂಬರ್ 14ರಂದು. ಕೋಡಿಯಿಂದ ಬೀಳುವ ನೀರಿನಲ್ಲಿ ಸೋಪಿನಂಥ ನೊರೆ. ಆ ನೊರೆಯ ನಡುವೆ ಎದ್ದಿದ್ದ ಕಲ್ಲಿನ ಮೇಲೆ ನಿಂತು, ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ, ಮೂಗಿನ ಮುಂದೆ ಹಾರಿದ ನೊಣವನ್ನು ನೆಗೆದು ಹಿಡಿದು ಮತ್ತೆ ಅದೇ ಕಲ್ಲಿಗೆ ಬಂತು. ಹಿಮಾಲಯದ ತೊರೆಗಳ ಹಕ್ಕಿ ನಮ್ಮ ಚರಂಡಿಗೆ ಬಂದು ನಿಂತಿದೆ. ನನಗೆ ಕಣ್ಣು ಒದ್ದೆಯಾಯಿತು.

ಜೊಂಡಿನಮನೆ

ಕೊಳಚೆ ನೀರಿನ ಮಾತು ಬಂದಿತು, ಆದ್ದರಿಂದ ಹೇಳುತ್ತೇನೆ. ‘ನಮ್ಮ ಕೆರೆಯಲ್ಲಿ ನೂರಾರು ಹಕ್ಕಿಗಳಿವೆ, ಆದ್ದರಿಂದ ನೀರು ಶುದ್ಧವಾಗಿದೆ’ ಎಂಬ ಮಾತನ್ನು ಹೋದ ತಿಂಗಳ ಸಭೆಯೊಂದರಲ್ಲಿ ಕೇಳಿ ಮೈ ಉರಿಯಿತು. ಮೆಟ್ಟುಗಾಲು ಹಕ್ಕಿ, ಸಲಿಕೆ ಕೊಕ್ಕಿನ ಬಾತು ಇವು ಕೊಳಚೆ ಸೇರಿದ ಕೆರೆಯಲ್ಲಿ ಹೆಚ್ಚಾಗಿಯೇ ಸೇರುತ್ತವೆ. ಆ ಕೆಸರಿನಲ್ಲಿ ಹುಳುಗಳು ಹೇರಳ, ಅದಕ್ಕೆ. ಎಷ್ಟು ಹಕ್ಕಿ ಎನ್ನುವುದರ ಜೊತೆಗೆ ಯಾವ ಹಕ್ಕಿ ಎನ್ನುವುದೂ ಬೇಕು. ಗುಳುಮುಳುಕ ಇದೆಯೇ, ದೇವನಕ್ಕಿ ಇದೆಯೇ, ಮೀನು ಹಿಡಿಯುವ ಮಿಂಚುಳ್ಳಿ ಎಷ್ಟು?

ಇನ್ನೊಂದು ಸಂಕಟ. ನಮ್ಮ ಬಡಾವಣೆಯ ಕೆರೆಯನ್ನು ‘ಅಭಿವೃದ್ಧಿ’ ಮಾಡಿದರು. ಹೂಳು ತೆಗೆದು, ಅಂಚನ್ನು ಕಡಿದಾಗಿ ಮಾಡಿ, ಸುತ್ತ ಕಲ್ಲು ಕಟ್ಟಿ, ನಡೆಯುವ ದಾರಿ ಹಾಕಿದರು. ನೋಡಲು ಬಟ್ಟಲಿನ ಹಾಗಿದೆ. ಗದ್ದೆಗೊರವ ನಿಲ್ಲಲು ಒಂದು ಗೇಣು ಆಳದ ನೀರು ಬೇಕು, ಅದು ಈಗ ಎಲ್ಲಿಯೂ ಇಲ್ಲ. ಹೋದ ಸೋಮವಾರ ಗುತ್ತಿಗೆದಾರನ ಆಳುಗಳು ಬಂದು ಪಡುವಣ ಮೂಲೆಯ ಜೊಂಡನ್ನು ಬುಡಸಮೇತ ಕಿತ್ತು ಹಾಕಿದರು. ಅಕ್ಟೋಬರಿನಲ್ಲಿ! ಮೂರು ಸಾವಿರ ಕಿಲೋಮೀಟರ್ ಹಾರಿ ಬಂದ ಉಲಿಯಕ್ಕಿ ಇಳಿದು ಅಡಗಿಕೊಳ್ಳುವ ತಿಂಗಳಿನಲ್ಲೇ. ನಾನು ಹೋಗಿ ಕೇಳಿದೆ. ‘ಸೊಳ್ಳೆ ಬರುತ್ತದೆ ಎಂದು ದೂರು ಬಂದಿದೆ ಮೇಡಂ’ ಎಂದರು. ಅವರ ತಪ್ಪೂ ಅಲ್ಲ, ಕೂಲಿಗೆ ಬಂದವರು.

ಸಂಜೆಬೆಳ್ಳಕ್ಕಿ

ಜೊಂಡು ಕೆರೆಯನ್ನೆಲ್ಲ ಮುಚ್ಚಿಕೊಂಡರೂ ಹಕ್ಕಿಗೆ ಕಷ್ಟವೇ. ಅಂತರಗಂಗೆ ಹಬ್ಬಿದ ಕೆರೆಯಲ್ಲಿ ಬಾತು ಎಲ್ಲಿ ಇಳಿಯಬೇಕು? ತೆಗೆಯುವುದು ಬೇಕು, ಸ್ವಲ್ಪ ಸ್ವಲ್ಪವಾಗಿ, ಬೇಸಿಗೆಯಲ್ಲಿ.

ಜೊಂಡಿನಮನೆ

ಬೇಸಿಗೆಯಲ್ಲಿಯೂ ಅಲ್ಲ! ಮಳೆಗಾಲದವರೆಗೂ ಅಲ್ಲಿ ಜಂಬುಕೋಳಿ, ನಾಮದ ಕೋಳಿಗಳ ಗೂಡು ಇರುತ್ತವೆ. ಗೂಡು ಇದೆಯೇ ಎಂದು ನೋಡಿ, ಮೂರರಲ್ಲಿ ಒಂದು ಭಾಗವನ್ನಷ್ಟೇ ತೆಗೆಯಬೇಕು. ಇದನ್ನು ಹೇಳಲು ಹೋದಾಗ ನನ್ನ ಕೈಯಲ್ಲಿ ಏನಿತ್ತು? ‘ಇಲ್ಲಿ ಹಕ್ಕಿಗಳಿವೆ ಸ್ವಾಮಿ’ ಎಂಬ ಬಾಯಿಮಾತು. ನಿಮ್ಮ ಹಾಗೆ ಮೂರು ವರ್ಷದ ವಾರವಾರದ ಲೆಕ್ಕ ಇದ್ದಿದ್ದರೆ ಮೇಜಿನ ಮೇಲೆ ಇಡುತ್ತಿದ್ದೆ.

ಗದುಗಿನವ

ನಮ್ಮ ಕಡೆಯದು ನಗರದ ಕಣಿವೆಯಲ್ಲ, ಆದರೂ ಹೇಳುತ್ತೇನೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ನವೆಂಬರ್ ಹೊತ್ತಿಗೆ ಬರುತ್ತವೆ. 2024ರಲ್ಲಿ ಆ ಕೆರೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ರಾಮ್ಸರ್ ಮಾನ್ಯತೆ ಸಿಕ್ಕಿತು. ಅಂಕಸಮುದ್ರ, ಅಘನಾಶಿನಿ ಅಳಿವೆಗೂ ಅದೇ ವರ್ಷ. ನೀವು ಬೆಂಗಳೂರಿನವರು ದುರ್ಬೀನು ಹಿಡಿದು ಎಣಿಸುತ್ತೀರಿ, ನಮ್ಮೂರ ಕಡೆ ಹೊಲದವರು ‘ಬಂದುವು’ ಎಂದು ರಾತ್ರಿ ಕೂಗು ಕೇಳಿಯೇ ಹೇಳುತ್ತಾರೆ. ಆ ಮಾತನ್ನೂ ದಿನಾಂಕ ಹಾಕಿ ಬರೆದುಕೊಳ್ಳಿ.

ತೂಬು

ಖಂಡಿತ. ಕೇಳಿದ್ದೂ ದಾಖಲೆಯೇ, ‘ಕೇಳಿದ್ದು’ ಎಂದು ಬರೆದರೆ ಆಯಿತು. ನಮ್ಮ ಕಣಿವೆಯಲ್ಲಿ ಬ್ಲೈತ್ ಉಲಿಯಕ್ಕಿಯನ್ನು ನಾನು ಹತ್ತರಲ್ಲಿ ಒಂಬತ್ತು ಸಲ ಪೊದೆಯೊಳಗಿನ ‘ಟಕ್... ಟಕ್’ ಸದ್ದಿನಿಂದಲೇ ಹಿಡಿಯುವುದು.

ಹೊಸಕಣ್ಣು

ಮೊಬೈಲಿನಲ್ಲಿ ಅದರ ಕೂಗು ಹಾಕಿದರೆ ಹೊರಗೆ ಬರುತ್ತದೆ ಎಂದು ಒಬ್ಬರು ತೋರಿಸಿದರು. ನಿಜವಾಗಿಯೂ ಬಂತು, ಫೋಟೊ ಸಿಕ್ಕಿತು.

ಹಳೇ ದುರ್ಬೀನು

ಮಗೂ, ಅದನ್ನು ಮಾಡಬೇಡ. ದೂರದಿಂದ ಹಾರಿ ಬಂದು ಮೈ ಬಡವಾಗಿರುವ ಹಕ್ಕಿ ಅದು. ಚಳಿಗಾಲಕ್ಕೆ ತನ್ನದೆಂದು ಒಂದು ತುಂಡು ಪೊದೆ ಹಿಡಿದಿರುತ್ತದೆ. ನೀನು ಕೂಗು ಹಾಕಿದಾಗ ಬೇರೆ ಹಕ್ಕಿ ಜಾಗ ಕಸಿಯಲು ಬಂತೆಂದು ಹೆದರಿ ಹೊರಗೆ ಬರುತ್ತದೆ, ತಿನ್ನುವುದನ್ನು ಬಿಟ್ಟು. ಭಾನುವಾರ ಹತ್ತು ಜನ ಹತ್ತು ಸಲ ಹೀಗೆ ಮಾಡಿದರೆ ಅದರ ಗತಿ ಏನು? ಇಪ್ಪತ್ತು ನಿಮಿಷ ಅಲ್ಲಾಡದೆ ನಿಂತುಕೋ, ತಾನೇ ಬರುತ್ತದೆ.

ಹೊಸಕಣ್ಣು

ಗೊತ್ತಿರಲಿಲ್ಲ ಸರ್. ಇನ್ನು ಮಾಡುವುದಿಲ್ಲ.

ರಾಟವಾಳ

ವಿಜಯದಶಮಿಯ ದಿನ ಯಾರಿಗಾದರೂ ನೀಲಕಂಠ ಕಂಡಿತೇ? ನಮ್ಮ ಅಜ್ಜಿ ಬನ್ನಿ ಮುಡಿದ ಮೇಲೆ ಅದನ್ನು ನೋಡದೆ ಊಟ ಮಾಡುತ್ತಿರಲಿಲ್ಲ. ನಾನು ಬೆಳಿಗ್ಗೆ ನಾಲ್ಕನೆಯ ಕೆರೆಯ ಆಚೆಯ ಬಯಲಿಗೆ ಹೋಗಿದ್ದೆ. ತಂತಿಯ ಮೇಲೆ ಕಾಜಾಣ ಆರು, ನೀಲಕಂಠ ಸೊನ್ನೆ.

ತೂಬು

ಆ ಸೊನ್ನೆಯನ್ನೂ ಬರೆದಿರಿ ತಾನೇ?

ರಾಟವಾಳ

ಬರೆದೆ. ಒಂದು ಗಂಟೆ ಹತ್ತು ನಿಮಿಷ, ಎರಡು ಕಿಲೋಮೀಟರ್.

ಸಂಜೆಬೆಳ್ಳಕ್ಕಿ

ಮೂಲ ಪ್ರಶ್ನೆಗೆ ಬರೋಣ. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ನಡೆಯುತ್ತಿದೆ, ಆದರೆ ಅದು ಜನವರಿಯಲ್ಲಿ. ಆ ಹೊತ್ತಿಗೆ ಬರುವವೆಲ್ಲ ಬಂದು ನೆಲೆಸಿರುತ್ತವೆ. ಈ ಏಳೆಂಟು ವಾರಗಳ ಓಡಾಟ, ಒಂದು ರಾತ್ರಿ ಇಳಿದು ಮರುದಿನ ಮುಂದೆ ಹೋಗುವ ಗುಂಪುಗಳು, ಅದರಲ್ಲಿ ಬರುವುದಿಲ್ಲ. ಬೆಂಗಳೂರು ಕೂತಿರುವುದೇ ದಿಣ್ಣೆಯ ಮೇಲೆ. ಅಲ್ಲಿಂದ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಎಂದು ಮೂರು ದೊಡ್ಡ ಕಣಿವೆಗಳು ಇಳಿಯುತ್ತವೆ. ಮೊದಲ ಎರಡರ ನೀರು ದಕ್ಷಿಣ ಪಿನಾಕಿನಿಗೆ, ಮೂರನೆಯದರದು ಅರ್ಕಾವತಿಗೆ. ಮೂರೂ ಕಣಿವೆಗಳಲ್ಲಿ ಕೋಡಿಕಲ್ಲು ಅವರ ಹಾಗೆ ಆರಾರು ಜನ ಇದ್ದರೆ ಎಂದು ಆಸೆಯಾಗುತ್ತದೆ. ವೃಷಭಾವತಿ ಕಡೆ ನಾನು ಬರುತ್ತೇನೆ, ಇನ್ನು ಇಬ್ಬರು ಬೇಕು.

ಹಳೇ ದುರ್ಬೀನು

ನನ್ನ ಮಂಡಿ ಒಪ್ಪಿದಷ್ಟು ದಿನ ನಾನೂ ಬರುತ್ತೇನೆ.

ಕೋಡಿಕಲ್ಲು

ಮೊನ್ನೆ ಅಕ್ಟೋಬರ್ 5ರಂದು ಮುಂಜಾವು ಮತ್ತು ನಾನು ಒಟ್ಟಿಗೇ ಮೂರನೆಯ ಕೆರೆಗೆ ಹೋದೆವು. ಸ್ನೇಹಿತರಿಂದ ಸ್ಪಾಟಿಂಗ್ ಸ್ಕೋಪ್ ಎರವಲು ತಂದಿದ್ದೆ. ಬಾನು ತಿಳಿಯಾಗಿತ್ತು. ದ್ವೀಪದ ಹಿಂಬದಿಯಲ್ಲಿ ಒಂಬತ್ತು ಬಾತುಗಳು, ವರಟೆಗಳಿಂದ ಸ್ವಲ್ಪ ದೂರದಲ್ಲಿ. ನಲವತ್ತು ನಿಮಿಷ ನೋಡಿದೆವು. ಆರರ ಮುಖದಲ್ಲಿ ಕಣ್ಣಿನ ಮೇಲೊಂದು ಕೆಳಗೊಂದು ತಿಳಿ ಗೆರೆ, ಕೊಕ್ಕಿನ ಬುಡದಲ್ಲಿ ಮಸುಕು ಬಿಳಿ ಮಚ್ಚೆ. ಗಾರ್ಗನಿ, ಅನುಮಾನವಿಲ್ಲ. ಉಳಿದ ಮೂರು ತಲೆ ಎತ್ತಲೇ ಇಲ್ಲ, ನೀರಿಗೆ ಕೊಕ್ಕು ಊರಿಕೊಂಡು ಗುಂಡಗೆ ಸುತ್ತುತ್ತಿದ್ದವು. ಕೊನೆಗೆ ಒಂದು ಪಕ್ಕಕ್ಕೆ ತಿರುಗಿತು. ಅಗಲವಾದ ಕೊಕ್ಕು. ಸಲಿಕೆಯೇ.

ತೂಬು

ಅಕ್ಟೋಬರ್ 5ಕ್ಕೆ ಸಲಿಕೆ ಕೊಕ್ಕಿನವು! ಫೋಟೊ ಇದೆಯೇ?

ಕೋಡಿಕಲ್ಲು

ಸ್ಕೋಪಿಗೆ ಮೊಬೈಲ್ ಹಿಡಿದು ತೆಗೆದದ್ದು. ಮಸುಕಾಗಿದೆ, ಆದರೆ ಕೊಕ್ಕು ಕಾಣುತ್ತದೆ. ಇ-ಬರ್ಡ್‌ಗೆ ಹಾಕಿದ್ದೇನೆ.

ಮುಂಜಾವು

ಹಿಂತಿರುಗುವಾಗ ಏರಿಯ ಮೇಲೆ ಕೂತು 28ರ ಸಾಲನ್ನು ನಾನೇ ತಿದ್ದಿದೆ. ನಾನು ಕಂಡದ್ದು ಗಾರ್ಗನಿಯೇ ಇರಬಹುದು, ಎರಡೂ ಬೆರೆತ ಗುಂಪೇ ಇರಬಹುದು. 5ರಂದು ಕಂಡದ್ದನ್ನು 28ಕ್ಕೆ ಹೊರಿಸಲು ನನಗೆ ಮನಸ್ಸು ಬರಲಿಲ್ಲ. ‘ಬಾತು, ಜಾತಿ ಖಚಿತವಿಲ್ಲ, 14. ಹಾರುವಾಗ ಎರಡು ಮೂರರ ರೆಕ್ಕೆಯ ಮುಂಭಾಗ ತಿಳಿ ನೀಲಿ. ಕೊಕ್ಕು ಕಾಣಲಿಲ್ಲ. ಮಂಜು, ನಾಯಿಯಿಂದ ಎದ್ದವು.’ ಜೊಂಡಿನಮನೆ ಅವರು ಹೇಳಿದ ಮಾತುಗಳನ್ನೇ ಬಳಸಿದ್ದೇನೆ.

ಜೊಂಡಿನಮನೆ

ಧನ್ಯವಾದ. ನಿಮ್ಮ ದಫ್ತರದ ಮೂರು ವರ್ಷದ ಪ್ರತಿಯನ್ನು ಕೊಡುತ್ತೀರಾ? ನಮ್ಮ ಕೆರೆಯ ಉಳಿದ ಜೊಂಡಿನ ಬಗ್ಗೆ ಮುಂದಿನ ವಾರ ಇನ್ನೊಂದು ಸಭೆ ಇದೆ. ಪಕ್ಕದ ಕೆರೆಯ ಲೆಕ್ಕವಾದರೂ ಕೈಯಲ್ಲಿರಲಿ.

ಕೋಡಿಕಲ್ಲು

ಇವತ್ತೇ ಕಳಿಸುತ್ತೇನೆ. ಜೊಂಡಿನ ಅಂಚಿನಲ್ಲಿ ಕಂಡವುಗಳನ್ನು ಬೇರೆಯಾಗಿ ಗುರುತು ಮಾಡಿರುತ್ತೇನೆ.

ಇನ್ನೊಂದು, ‘ಕಾಗೆ ಎಣಿಸುವುದು ಬೇಡ’ ಎಂದಿದ್ದ ಗೆಳೆಯರಿಗೆ ಗುಬ್ಬಚ್ಚಿಯ ಕಥೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಇವತ್ತಿನ, ಅಂದರೆ ಅಕ್ಟೋಬರ್ 12ರ, ಪಟ್ಟಿಯನ್ನು ಅವರೇ ಬರೆದಿದ್ದಾರೆ. ಮೊದಲನೆಯ ಕೆರೆ, ಬೆಳಿಗ್ಗೆ 6.15ರಿಂದ 7.25, 1.8 ಕಿಲೋಮೀಟರ್, ಮೋಡ, ಗಾಳಿ ಇಲ್ಲ. ಕಾಗೆ 41, ಗೊರವಂಕ 23, ಹದ್ದು 17, ಬೆಳ್ಳಕ್ಕಿ 12, ಗುಳುಮುಳುಕ 8, ನಾಮದ ಕೋಳಿ 30, ಗದ್ದೆ ಮಿಂಚುಳ್ಳಿ 3, ಬೂದು ಸಿಪಿಲೆ 1, ಕಂದು ಕಳಿಂಗ 1 (ಕೇಳಿದ್ದು), ಗುಬ್ಬಚ್ಚಿ 0.